ತಿಪ್ಪೆಯೂ ಬೇಕು, ಚೀಲವೂ ಬೇಕು

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ರಾಗಿ ಹೊಲದ ಗೊಬ್ಬರದ ಬಗ್ಗೆ ನಾಲ್ಕು ಮಾತಾಡಲು ಅವಕಾಶ ಕೊಟ್ಟಿದ್ದೀರಿ.

ನಮ್ಮೂರ ಅರಳಿಕಟ್ಟೆಯಲ್ಲಿ ಒಂದು ವಾದ ಮುಗಿಯುವುದೇ ಇಲ್ಲ. ಹಿರಿಯರು "ಸೀಮೆಗೊಬ್ಬರ ಹಾಕಿ ಭೂಮಿ ಕೆಡಿಸಿದ್ರಿ" ಅಂತಾರೆ. ಹುಡುಗರು "ತಿಪ್ಪೆ ನಂಬಿಕೊಂಡ್ರೆ ಹೊಟ್ಟೆ ತುಂಬುತ್ತಾ?" ಅಂತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ.

ನನ್ನ ತಪ್ಪನ್ನೇ ಹೇಳುತ್ತೇನೆ. ಎತ್ತು ಮಾರಿದ ಮೇಲೆ ನಾಲ್ಕೈದು ವರ್ಷ ಹೊಲಕ್ಕೆ ಒಂದು ಗಾಡಿ ಗೊಬ್ಬರ ಹೊಡೆಯಲಿಲ್ಲ. ಬರೀ ಯೂರಿಯಾ, ಡಿ.ಎ.ಪಿ. ಮೊದಲೆರಡು ವರ್ಷ ಪೈರು ಕಪ್ಪಗೆ ಎದ್ದಿತು. ಆಮೇಲೆ ಅದೇ ಬೀಜ, ಅದೇ ಚೀಲ, ಆದರೆ ರಾಶಿ ಸಣ್ಣದಾಯಿತು. ಎಂಟು ದಿನ ಮಳೆ ಹೋದರೆ ನನ್ನ ಪೈರು ಬಾಡುತ್ತಿತ್ತು, ಗೊಬ್ಬರ ಹೊಡೆದಿದ್ದ ಪಕ್ಕದ ಹೊಲ ತಡೆದುಕೊಳ್ಳುತ್ತಿತ್ತು.

ಇದು ನನ್ನೊಬ್ಬನ ಕತೆಯಲ್ಲ. ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ 1978ರಲ್ಲಿ ಮಳೆಯಾಶ್ರಿತ ರಾಗಿಯ ಮೇಲೆ ಒಂದು ದೀರ್ಘಕಾಲದ ಪ್ರಯೋಗ ಶುರುವಾಯಿತು. ಬರೀ ರಾಸಾಯನಿಕ ಗೊಬ್ಬರದ ತಾಕಿನಲ್ಲಿ ವರ್ಷಗಳು ಕಳೆದಂತೆ ಇಳುವರಿ ಕುಸಿಯಿತು. ಹೆಕ್ಟೇರಿಗೆ 10 ಟನ್, ಅಂದರೆ ಎಕರೆಗೆ 4 ಟನ್ ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕವನ್ನೂ ಪೂರ್ತಿ ಕೊಟ್ಟ ತಾಕು ಎಲ್ಲಕ್ಕಿಂತ ಮುಂದೆ ನಿಂತಿತು. ಕೊಟ್ಟಿಗೆ ಗೊಬ್ಬರದ ಜೊತೆ ರಾಸಾಯನಿಕ ಅರ್ಧವೇ ಕೊಟ್ಟಾಗಲೂ, ಪೂರ್ತಿ ಚೀಲವನ್ನೇ ನಂಬಿದ್ದಕ್ಕಿಂತ ಹೆಚ್ಚು ಬೆಳೆ ಬಂತು.

ಕಾರಣ ಸರಳ. ನಮ್ಮ ಕೆಂಪು ಮಣ್ಣಿಗೆ ನೀರು ಹಿಡಿಯುವ ಶಕ್ತಿ ಕಡಿಮೆ. ಕೊಟ್ಟಿಗೆ ಗೊಬ್ಬರ ಆ ಶಕ್ತಿ ಕೊಡುತ್ತದೆ. ಆದರೆ ಒಂದು ಟನ್‌ನಲ್ಲಿ ಸಾರಜನಕ ಸುಮಾರು 5 ಕಿಲೋ ಮಾತ್ರ, ಅದೂ ನಿಧಾನವಾಗಿ ಬಿಡುತ್ತದೆ. ತೆಂಡೆ ಒಡೆಯುವ ಪೈರಿಗೆ ತಕ್ಷಣದ ಊಟ ಬೇಕು. ಅದನ್ನು ಚೀಲ ಕೊಡುತ್ತದೆ.

ಮಳೆಯಾಶ್ರಿತ ರಾಗಿಗೆ ಎಕರೆಗೆ 20 ಕಿಲೋ ಸಾರಜನಕ, 16 ಕಿಲೋ ರಂಜಕ, 10 ಕಿಲೋ ಪೊಟ್ಯಾಷ್ ಎಂದು ಲೆಕ್ಕ ಹಿಡಿದರೆ, ಡಿ.ಎ.ಪಿ. 35 ಕಿಲೋ, ಯೂರಿಯಾ 30 ಕಿಲೋ, ಪೊಟ್ಯಾಷ್ ಗೊಬ್ಬರ 17 ಕಿಲೋ ಸಾಕು. ಬಿತ್ತುವಾಗ ಯೂರಿಯಾ 8 ಕಿಲೋ ಮಾತ್ರ ಕೊಡಿ. ಉಳಿದ 22 ಕಿಲೋ ತಿಂಗಳಾದ ಮೇಲೆ, ಕಳೆ ತೆಗೆದು, ಹದ ಇದ್ದಾಗ ಕೊಡಿ. ಮಣ್ಣು ಪರೀಕ್ಷೆ ಮಾಡಿಸಿದವರು ಅದರಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ.

ಕೊಟ್ಟಿಗೆ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚೆ ಹೊಡೆದು ಮಣ್ಣಿಗೆ ಬೆರೆಸಿ. ಹಸಿ ಸಗಣಿ ಹೊಡೆಯಬೇಡಿ. ಗೊಣ್ಣೆಹುಳ ಬರುತ್ತದೆ, ಕಳೆ ಬೀಜವೂ ಬರುತ್ತದೆ. ತಿಪ್ಪೆಯನ್ನು ಬಿಸಿಲು ಮಳೆಗೆ ಬಿಟ್ಟರೆ ಸತ್ವವೆಲ್ಲ ಚರಂಡಿ ಪಾಲು. ಗುಂಡಿ ತೋಡಿ, ಗಂಜಲ ಸೇರಿಸಿ, ಮೇಲೆ ಮಣ್ಣು ಮುಚ್ಚಿ. ದನ ಇಲ್ಲದವರು ಹೊಂಗೆ ಸೊಪ್ಪು ಹಾಕಿ, ಇಲ್ಲವೇ ಮುಂಗಾರಿನ ಮೊದಲ ಮಳೆಗೆ ಸೆಣಬು ಬಿತ್ತಿ ಹೂವಿಗೆ ಬಂದಾಗ ಉತ್ತು ಮಣ್ಣಿಗೆ ಸೇರಿಸಿ.

ಸಂಘದ ಗೋದಾಮಿನಲ್ಲಿ ಚೀಲ ಸಿಗುತ್ತದೆ, ಸಾಲವೂ ಸಿಗುತ್ತದೆ. ಮಣ್ಣಿನ ಸತ್ವ ಮಾತ್ರ ಸಾಲಕ್ಕೆ ಸಿಗುವುದಿಲ್ಲ. ಚೀಲ ಒಯ್ಯುವ ದಿನ ಮನೆಯ ತಿಪ್ಪೆಯ ಕಡೆಗೂ ಒಮ್ಮೆ ನೋಡಿ ಎಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.