ಏನಾಯಿತು, ಏಕಾಯಿತು



ಶಿಕಾರಿಪುರ, ಸೊರಬಗಳ ತರುಣರು ಕತೆ ಬರೆಯ ಹೊರಟಾಗ ಮೊದಲು ಹುಡುಕುವುದು ಘಟನೆಯನ್ನು. ಘಟನೆಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಘಟನೆಯೊಂದೇ ಕತೆಯಾಗದು.

ಬಳ್ಳಿಗಾವೆಯ ಅಲ್ಲಮನನ್ನೇ ನೋಡೋಣ. ಹರಿಹರನ ರಗಳೆಯಲ್ಲಿ ಮದ್ದಳೆಗಾರ ಅಲ್ಲಮ ಕಾಮಲತೆಗೆ ಒಲಿಯುತ್ತಾನೆ; ಜ್ವರ ಅವಳನ್ನು ಒಯ್ದಾಗ ಹುಚ್ಚನಂತೆ ಅಲೆಯುತ್ತಾನೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ, ಸೊರಬಕ್ಕೆ ನೆರೆಯ ಬನವಾಸಿಯಲ್ಲಿ, ಮಾಯೆ ಎಷ್ಟು ಕಾಡಿದರೂ ಅಲ್ಲಮ ಅಲುಗನು. ಇಬ್ಬರೂ ಕೊನೆಗೆ ಎಲ್ಲವನ್ನೂ ಬಿಟ್ಟು ನಡೆದವರೇ. ಆದರೆ ಒಬ್ಬನದು ನೋವುಂಡು ಬಂದ ವಿರಕ್ತಿ, ಇನ್ನೊಬ್ಬನದು ಹುಟ್ಟಿನೊಡನೆ ಬಂದದ್ದು. ಕಾರಣ ಬದಲಾಯಿತು, ಮನುಷ್ಯನೇ ಬದಲಾದ.

ಹಾಗೆಂದು ಘಟನೆ ಬೇಡವೆನ್ನಲಾರೆವು. ಹರಿಹರನ ಅಲ್ಲಮನ ಕಾಲುಗುರಿಗೆ ಹೂತುಹೋದ ಗುಡಿಯ ಕಳಸ ತಾಗದಿದ್ದರೆ ಆ ದುಃಖ ಬರೀ ಕಣ್ಣೀರಾಗಿ ಉಳಿಯುತ್ತಿತ್ತು.

ಇನ್ನು ನಮ್ಮ ಈಸೂರು. 1942ರಲ್ಲಿ ಊರು ತಾನು ಸ್ವತಂತ್ರವೆಂದು ಸಾರಿತು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. 1943ರಲ್ಲಿ ಐವರು ಗಲ್ಲಿಗೇರಿದರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕಂದಾಯ ಕೊಡೆನೆಂದ ರೈತನಿಗೆ ಬೇಕಾಗಿದ್ದುದೇನು? ದೇಶವೇ, ಮಕ್ಕಳ ಹೊಟ್ಟೆಗೆ ಹಿಟ್ಟೇ, ಅಧಿಕಾರಿಯೆದುರು ಒಮ್ಮೆ ತಲೆಯೆತ್ತಿ ನಿಲ್ಲುವುದೇ? ಬಾಗಿಲು ಹಾಕಿಕೊಂಡು ಒಳಗೇ ಉಳಿದವನನ್ನು ಹಿಡಿದಿಟ್ಟದ್ದು ಯಾವ ಭಯ?

ನ್ಯಾಯಾಲಯ ಅವರನ್ನು ಆರೋಪಿಗಳೆಂದು ಎಣಿಸಿತು. ಸಭೆಗಳು ಹುತಾತ್ಮರೆಂದು ಎಣಿಸುತ್ತವೆ. ಎಣಿಕೆಯಲ್ಲಿ ಮನುಷ್ಯ ಕಾಣನು. ಅವನನ್ನು ಕಾಣಿಸಬೇಕಾದವನು ಕತೆಗಾರ. ಆ ಕೆಲಸ ನಿಮ್ಮಿಂದಾಗಲಿ.