ಅಪ್ಪನ ರಿಪೋರ್ಟಲ್ಲಿ ಪಿಎಸ್‌ಎ ಜಾಸ್ತಿ ಬಂದ್ರೆ

 

ನಮ್ಮ ಕಡೆ ಈಗ ಇದು ಮಾಮೂಲು. ಮಗ ದೂರದಲ್ಲಿ, ಅಪ್ಪ ಊರಲ್ಲಿ. ಮಗ ಮೊಬೈಲಲ್ಲೇ ಅಪ್ಪನಿಗೆ ಫುಲ್ ಬಾಡಿ ಚೆಕಪ್ ಬುಕ್ ಮಾಡ್ತಾನೆ. ವಾಟ್ಸಾಪಿಗೆ ಪಿಡಿಎಫ್ ಬರುತ್ತೆ. ಅದರಲ್ಲಿ ಒಂದು ಸಾಲು ದಪ್ಪ ಅಕ್ಷರದಲ್ಲಿ: ಪಿಎಸ್‌ಎ 6. ಗೂಗಲ್ ಮಾಡಿದ್ರೆ ಮೊದಲು ಕಾಣೋದೇ ಕ್ಯಾನ್ಸರ್. ಆ ರಾತ್ರಿ ಮನೇಲಿ ಯಾರಿಗೂ ನಿದ್ದೆ ಇಲ್ಲ.

ಹಾಗಾದ್ರೆ ಆ 6 ಎಲ್ಲಿಂದ ಬಂತು?

ಪ್ರಾಸ್ಟೇಟ್ ಅನ್ನೋ ಗ್ರಂಥಿ ಗಂಡಸರ ಮೂತ್ರಕೋಶದ ಕೆಳಗಿರುತ್ತೆ. ಅದು ಮಾಡೋ ಒಂದು ಪ್ರೊಟೀನೇ ಪಿಎಸ್‌ಎ. ವೀರ್ಯವನ್ನ ತೆಳು ಮಾಡೋದು ಅದರ ಕೆಲಸ. ಸ್ವಲ್ಪ ರಕ್ತಕ್ಕೂ ಸೋರುತ್ತೆ. ಗಂಡಸರ ಪ್ರೊಟೀನ್ ಅಂತ ಹೆಸರಾದ್ರೂ ಅದರ ಜೀನ್ ಇರೋದು ವೈ ಕ್ರೋಮೋಸೋಮಲ್ಲಿ ಅಲ್ಲ, 19ನೇ ಕ್ರೋಮೋಸೋಮಲ್ಲಿ. ಎದೆಹಾಲಲ್ಲೂ ತೀರಾ ಚೂರು ಸಿಕ್ಕಿದೆ.

ಇದನ್ನ ರಕ್ತದಲ್ಲಿ ಹುಡುಕೋಕೆ ಬೇಕಾಗೋದು ಆ್ಯಂಟಿಬಾಡಿ. ಒಂದು ಬೀಗಕ್ಕೆ ಒಂದೇ ಕೀಲಿಕೈ ಇದ್ದ ಹಾಗೆ, ಒಂದು ಪ್ರೊಟೀನಿನ ಒಂದು ಮೂಲೆಗೆ ಮಾತ್ರ ಅದು ಅಂಟಿಕೊಳ್ಳುತ್ತೆ. ಇಂಥದ್ದನ್ನ ಲ್ಯಾಬಲ್ಲಿ ಬೇಕಾದಷ್ಟು ಬೆಳೆಸೋ ದಾರಿಯನ್ನ 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೀನ್ ತೋರಿಸಿದ್ರು. 1984ರಲ್ಲಿ ಅವರಿಗೆ ನೊಬೆಲ್ ಬಂತು. ಪಿಎಸ್‌ಎ ಟೆಸ್ಟಲ್ಲಿ ಸಾಮಾನ್ಯವಾಗಿ ಎರಡು ಆ್ಯಂಟಿಬಾಡಿ ಇರ್ತವೆ. ಒಂದು ಪ್ರೊಟೀನನ್ನ ಹಿಡ್ಕೊಳ್ಳುತ್ತೆ, ಇನ್ನೊಂದು ಅದರ ಮೇಲೆ ಕೂತು ಸಿಗ್ನಲ್ ಕೊಡುತ್ತೆ. ಆ ಸಿಗ್ನಲನ್ನ ಮಷಿನ್ ಅಳೆಯುತ್ತೆ.

ಪಿಎಸ್‌ಎ ಹಿಡಿಯೋ ಆ್ಯಂಟಿಬಾಡಿ ಸಂಶೋಧಕರಿಗೂ ಪುಟ್ಟ ಬಾಟಲಿಯಲ್ಲಿ ಸಿಗುತ್ತೆ. ಅದರ ಲೇಬಲ್ ಮೇಲೆ 'ಸಂಶೋಧನೆಗೆ ಮಾತ್ರ' ಅಂತ ಬರೆದಿರ್ತಾರೆ. ಅದರಿಂದ ರೋಗಿಗೆ ರಿಪೋರ್ಟ್ ಕೊಡೋ ಹಾಗಿಲ್ಲ. ಆಸ್ಪತ್ರೆಯ ಕಿಟ್ ಅದಕ್ಕಿಂತ ಹೆಚ್ಚು ಪರೀಕ್ಷೆ ದಾಟಿ ಬಂದಿರುತ್ತೆ. ಆದ್ರೆ ಎರಡೂ ಹೇಳೋದು ಒಂದೇ ಮಾತು: ಪ್ರೊಟೀನ್ ಇಲ್ಲಿದೆ, ಇಷ್ಟಿದೆ. ಯಾಕಿದೆ ಅನ್ನೋದು ಎರಡಕ್ಕೂ ಗೊತ್ತಿಲ್ಲ.

ನಾನು ಬಿಕಾಂ ಓದಿದವನು, ನನಗೆ ಅರ್ಥ ಆಗೋದು ಹೀಗೆ. ಬ್ಯಾಂಕಿಂದ 50,000 ಜಮಾ ಅಂತ ಮೆಸೇಜ್ ಬಂತು. ಅದು ಸಂಬಳವೋ, ಸಾಲವೋ, ಯಾರೋ ತಪ್ಪಿ ಹಾಕಿದ್ದೋ? ಮೆಸೇಜ್ ಹೇಳಲ್ಲ. ಪಾಸ್‌ಬುಕ್ ತೆಗೆದು ನೋಡ್ಬೇಕು.

ಪಿಎಸ್‌ಎ ಕೂಡ ಹಾಗೇ. ವಯಸ್ಸಾಗಿ ಪ್ರಾಸ್ಟೇಟ್ ದೊಡ್ಡದಾದ್ರೆ ಏರುತ್ತೆ. ಮೂತ್ರದ ಸೋಂಕಿದ್ರೆ ಏರುತ್ತೆ. ಈಚೆಗೆ ಕ್ಯಾತಿಟರ್ ಹಾಕಿದ್ರೂ ಏರುತ್ತೆ. 4ರಿಂದ 10ರ ನಡುವೆ ಬಂದೋರಲ್ಲಿ ಬಯಾಪ್ಸಿ ಮಾಡಿದ್ರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತೆ. ಇನ್ನು ಮೂವರಿಗೆ ಸಿಗಲ್ಲ. ಉಲ್ಟಾನೂ ಇದೆ. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 4ರೊಳಗೆ ಇದ್ದೋರಲ್ಲೂ ಸುಮಾರು 15 ಶೇಕಡಾ ಜನರಿಗೆ ಕ್ಯಾನ್ಸರ್ ಕಂಡಿತ್ತು.

ಕೂದಲು ಉದುರುತ್ತೆ ಅಂತ ಮಾತ್ರೆ ನುಂಗೋರು ಇಲ್ಲಿ ಕೇಳಿ. ಫಿನಾಸ್ಟರೈಡ್ ತಿಂಗಳುಗಟ್ಟಲೆ ತಗೊಂಡ್ರೆ ಪಿಎಸ್‌ಎ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಪ್ರಾಸ್ಟೇಟ್ ದೊಡ್ಡದಾದ ಎಷ್ಟೋ ಅಪ್ಪಂದಿರಿಗೂ ಡಾಕ್ಟರ್ ಇದನ್ನೇ ಬರೆದಿರ್ತಾರೆ. ಹೆಚ್ಚು ಡೋಸಿನ ಬಯೋಟಿನ್ ಕೆಲವು ಮಷಿನ್‌ಗಳನ್ನೇ ಯಾಮಾರಿಸಿ, ಇರೋದಕ್ಕಿಂತ ಕಡಿಮೆ ತೋರಿಸಬಹುದು. ಟೆಸ್ಟಿಗೆ ಮೊದಲು ಯಾವ ಮಾತ್ರೆ ನಡೀತಿದೆ ಅಂತ ಹೇಳಲೇಬೇಕು.

ಈ ಟೆಸ್ಟಿಗೆ 1986ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು, ಕ್ಯಾನ್ಸರ್ ಇದೆ ಅಂತ ಗೊತ್ತಿದ್ದೋರನ್ನ ಗಮನಿಸೋಕೆ. 2018ರಿಂದ ಅಲ್ಲಿನ ತಜ್ಞರ ಸಮಿತಿ ಹೇಳೋದು: 55ರಿಂದ 69ರೊಳಗಿನವರು ಡಾಕ್ಟರ್ ಹತ್ರ ಮಾತಾಡಿ ತೀರ್ಮಾನಿಸಲಿ, 70 ದಾಟಿದೋರಿಗೆ ಸುಮ್ಮನೆ ಸ್ಕ್ರೀನಿಂಗ್ ಬೇಡ. ನಮ್ಮ ಪ್ಯಾಕೇಜುಗಳಲ್ಲಿ ಆ ಮಾತುಕತೆಗೆ ಜಾಗವೇ ಇಲ್ಲ.

ನಮಗೆ ಇದು ಇನ್ನೂ ಮುಖ್ಯ. ದೊಡ್ಡ ಆಸ್ಪತ್ರೆ ಬೇಕು ಅಂತ ಉತ್ತರ ಕನ್ನಡದವರು ಎಷ್ಟು ಹ್ಯಾಶ್‌ಟ್ಯಾಗ್ ಹಾಕಿದ್ರು ನೆನಪಿದೆ ಅಲ್ವಾ? ಕುಮಟಾದಿಂದ ಮಣಿಪಾಲಕ್ಕೆ ನೂರು ಕಿಲೋಮೀಟರಿಗೂ ಮೇಲೆ. ಹೆದರಿ ಓಡಿದ್ರೆ ಒಂದು ದಿನದ ದುಡಿಮೆ, ಗಾಡಿ ಬಾಡಿಗೆ, ಅಪ್ಪನ ನೆಮ್ಮದಿ ಎಲ್ಲಾ ಹೋಗುತ್ತೆ. ಹಾಗಂತ ರಿಪೋರ್ಟ್ ಮುಚ್ಚಿಡೋದೂ ತಪ್ಪು. ಮೊದಲು ಊರಿನ ಡಾಕ್ಟರಿಗೆ ತೋರಿಸಿ. ಸೋಂಕಿದ್ರೆ ವಾಸಿ ಆಗಲಿ. ಕೆಲವು ವಾರ ಬಿಟ್ಟು, ಸಾಧ್ಯವಾದ್ರೆ ಅದೇ ಲ್ಯಾಬಲ್ಲಿ ಮತ್ತೆ ಟೆಸ್ಟ್ ಮಾಡಿಸಿ. ಆಗಲೂ ಜಾಸ್ತಿ ಇದ್ರೆ ಯೂರಾಲಜಿಸ್ಟ್ ಹತ್ರ ಹೋಗಿ. ಆದ್ರೆ ಮೂತ್ರದಲ್ಲಿ ರಕ್ತ ಬಂದ್ರೆ, ಮೂತ್ರ ಕಟ್ಟಿದ್ರೆ, ಬೆನ್ನುಮೂಳೆ ನೋವು ಬಿಡದೇ ಇದ್ರೆ, ಕಾಯಬೇಡಿ.

ಕೊನೆಗೆ ಒಂದು ಮಾತು. ಸಂಕೋಚದಿಂದ ಅಪ್ಪ ಇದನ್ನೆಲ್ಲ ತಾವಾಗಿ ಹೇಳಲ್ಲ, 'ವಯಸ್ಸಾಯ್ತಲ್ಲ' ಅಂತ ಸುಮ್ಮನಿರ್ತಾರೆ. ಪ್ಯಾಕೇಜ್ ಬುಕ್ ಮಾಡೋ ಮೊದಲು ಫೋನ್ ಮಾಡಿ ಕೇಳಿ: "ಅಪ್ಪ, ರಾತ್ರಿ ಎಷ್ಟು ಸಲ ಏಳ್ತೀರಿ?" ಯಾವ ಆ್ಯಂಟಿಬಾಡಿಗೂ ಸಿಗದ ಉತ್ತರ ಅಲ್ಲಿ ಸಿಗುತ್ತೆ.

ಮುಂದಿನ ವಾರ ಸಿಗೋಣ.