ಅಣ್ಣಾವ್ರು ಚುನಾವಣೆಗೆ ಯಾಕೆ ನಿಲ್ಲಲಿಲ್ಲ?

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಂಜೆ, ನಿವೃತ್ತ ಶಿಕ್ಷಕರೂ ಸಂಘದ ಸದಸ್ಯರೂ ಆದ ಹಿರಿಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ಬಂದು, “ಮೇಷ್ಟ್ರೇ, ಹಾಲು, ಹಿಂಡಿ, ಬೋನಸ್ಸು ಎಲ್ಲಾ ಬೆಳಗಿನ ಸಭೆಯಲ್ಲೇ ಆಗಿಹೋಯ್ತು. ನೀವು ರಾಜಕುಮಾರ್ ಬಗ್ಗೆ ನಾಲ್ಕು ಮಾತಾಡಿ” ಅಂದರು. ಸಂತೋಷದಿಂದ ಒಪ್ಪಿದೆ. ಆದರೆ ಬರೀ ಸಿನಿಮಾ ಕಥೆ ಹೇಳೋದಕ್ಕೆ ಬಂದಿಲ್ಲ. ನಮ್ಮ ಸಂಘದ ಚುನಾವಣೆ ಹತ್ತಿರ ಬಂದಿದೆ. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ ಇದು. ಆದರೂ ಅರಳಿಕಟ್ಟೆಯ ಮೇಲೆ ಈಗಾಗಲೇ ಯಾರು ಯಾವ ಪಕ್ಷದ ಕಡೆ ಅನ್ನುವ ಲೆಕ್ಕ ಶುರುವಾಗಿದೆ. “ಹೆಸರಿದ್ದವನು ನಿಲ್ಲಲಿ, ಜನ ಹಿಂದೆ ಬರ್ತಾರೆ” ಅನ್ನುವ ಮಾತೂ ಕಿವಿಗೆ ಬಿತ್ತು. ಹೆಸರೂ ಇದ್ದು, ಜನವೂ ಇದ್ದು, ಒಂದು ದಿನವೂ ಓಟು ಕೇಳದ ಒಬ್ಬ ಮನುಷ್ಯನ ವಿಚಾರ ಹೇಳೋಣ ಅಂತ ಅನ್ನಿಸಿತು.

ರಾಜಕುಮಾರ್ ಹುಟ್ಟಿದ್ದು 1929ರ ಏಪ್ರಿಲ್ 24ರಂದು, ತಾಳವಾಡಿ ಹತ್ತಿರದ ಗಾಜನೂರಿನಲ್ಲಿ. ಆ ಊರು ಇವತ್ತು ತಮಿಳುನಾಡಿಗೆ ಸೇರಿದೆ. ಹೆಸರು ಮುತ್ತುರಾಜ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯ ನಟರು. ಹುಡುಗನ ಶಾಲೆಯ ಓದು ಪ್ರೈಮರಿಯಲ್ಲೇ ನಿಂತಿತು. ಮಿಕ್ಕ ವಿದ್ಯೆಯೆಲ್ಲ ನಾಟಕದ ಕಂಪನಿಯಲ್ಲಿ ಕಲಿತದ್ದು. ಕಂಪನಿ ಅಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಅಲ್ಲಿ ಇವತ್ತು ರಾಜನ ಪಾತ್ರ, ನಾಳೆ ದೂತನ ಪಾತ್ರ. ಪರದೆ ಎಳೆಯೋನಿಗೂ ರಾಜನಿಗೂ ಒಂದೇ ಪಂಕ್ತಿಯಲ್ಲಿ ಊಟ. ಕಲೆಕ್ಷನ್ ಬಂದರೆ ಎಲ್ಲರಿಗೂ ಉಂಟು, ಇಲ್ಲದಿದ್ದರೆ ಎಲ್ಲರಿಗೂ ಇಲ್ಲ.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ಕ್ಕೆ ನಾಯಕನನ್ನಾಗಿ ಮಾಡಿ, ರಾಜಕುಮಾರ್ ಅಂತ ಹೆಸರಿಟ್ಟರು. ಚಿತ್ರ ಗೆದ್ದಿತು. ಆದರೆ ಗೆದ್ದ ಮಾತ್ರಕ್ಕೆ ಹೊಟ್ಟೆ ತುಂಬಲಿಲ್ಲ. ಆಗ ಕನ್ನಡ ಚಿತ್ರಗಳು ತಯಾರಾಗುತ್ತಿದ್ದದ್ದೇ ಬೆರಳೆಣಿಕೆ, ಅದೂ ಬಹುಪಾಲು ಮದ್ರಾಸಿನಲ್ಲಿ. ಆ ಕಷ್ಟಕಾಲದಲ್ಲಿ ಏನು ಮಾಡಿದರು ಅನ್ನೋದನ್ನ ನಮ್ಮ ಸಂಘದವರು ಗಮನವಿಟ್ಟು ಕೇಳಬೇಕು. ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದವರು ಸೇರಿ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿದರು. ಆಮೇಲೆ ತಾವೇ ಕೈಜೋಡಿಸಿ 1960ರಲ್ಲಿ ‘ರಣಧೀರ ಕಂಠೀರವ’ ತೆಗೆದರು. ರಿಜಿಸ್ಟರು, ಬೈಲಾ ನಮ್ಮ ಹಾಗೆ ಇತ್ತೋ ಇಲ್ಲವೋ, ಕೆಲಸ ಮಾತ್ರ ನಮ್ಮದೇ ಥರದ್ದು. ಒಬ್ಬೊಬ್ಬರದೂ ಅರ್ಧ ಲೀಟರು, ಎಲ್ಲರದೂ ಸೇರಿದರೆ ಒಂದು ಕ್ಯಾನು!

ಆಮೇಲಿನದು ನಿಮಗೆಲ್ಲ ಗೊತ್ತೇ ಇದೆ. ಇನ್ನೂರಕ್ಕೂ ಹೆಚ್ಚು ಚಿತ್ರಗಳು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಬಂದವರಿದ್ದಾರೆ ಅಂತ ಆಗ ಎಲ್ಲ ಕಡೆ ಮಾತಾಡುತ್ತಿದ್ದರು. ಇನ್ನೊಂದು ವಿಷಯ, ಅಣ್ಣಾವ್ರು ಒಂದು ಪೈಸೆ ಸಂಭಾವನೆ ತೆಗೆದುಕೊಳ್ಳದೆ ಪ್ರಚಾರಕ್ಕೆ ಮುಖ ಕೊಟ್ಟದ್ದು ನಮ್ಮ ನಂದಿನಿ ಹಾಲಿಗೆ. ಮಗ ಪುನೀತ್ ಕೂಡ ಅದೇ ದಾರಿ ಹಿಡಿದರು. ನೀವು ಕರೆದ ಹಾಲು ಯಾರ ಮುಖ ಹೊತ್ತು ಪೇಟೆಗೆ ಹೋಯಿತು ನೋಡಿ!

ಇನ್ನು ಮನೆ. 1953ರಲ್ಲಿ ಸಾಲಿಗ್ರಾಮದ ಪಾರ್ವತಮ್ಮನವರ ಕೈ ಹಿಡಿದರು. ಗಂಡನ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ, ಇಲ್ಲ ಅನ್ನುವ ಮಾತು ಬಾಯಿಗೆ ಬರುವುದಿಲ್ಲ ಅನ್ನೋದನ್ನ ಆಕೆ ಬೇಗನೆ ಅರಿತುಕೊಂಡಿರಬೇಕು. ವಜ್ರೇಶ್ವರಿ ಸಂಸ್ಥೆ ಕಟ್ಟಿ, 1975ರ ‘ತ್ರಿಮೂರ್ತಿ’ಯಿಂದ ಚಿತ್ರ ತಯಾರಿಕೆಗೆ ಇಳಿದರು. ಕಥೆ, ಹಂಚಿಕೆ, ಲೆಕ್ಕಪತ್ರ ಎಲ್ಲದರ ಮೇಲೂ ಆ ತಾಯಿಯ ಕಣ್ಣು. ಜೊತೆಗೆ ತಮ್ಮ ವರದಪ್ಪನವರ ಬೆಂಬಲ. ಮಾಲಾಶ್ರೀ, ಸುಧಾರಾಣಿ ಅಂಥ ನಟಿಯರು ಬೆಳಕಿಗೆ ಬಂದದ್ದು ಈ ಮನೆಯ ಚಿತ್ರಗಳಿಂದಲೇ. ಸಿನಿಮಾ ಗಂಡಸರ ವ್ಯವಹಾರ ಅಂತ ಲೋಕ ತಿಳಿದಿದ್ದ ಕಾಲದಲ್ಲಿ ಒಬ್ಬ ಹಳ್ಳಿಯ ಹೆಣ್ಣುಮಗಳು ಕೌಂಟರಿನ ಲೆಕ್ಕ ಕೇಳಿದರು. ಹಾಲು ಹಾಕುವವರಲ್ಲಿ ಮುಕ್ಕಾಲು ಪಾಲು ಹೆಂಗಸರೇ ಇದ್ದರೂ ನಮ್ಮ ಆಡಳಿತ ಮಂಡಳಿಯಲ್ಲಿ ಹೆಂಗಸರು ಎಷ್ಟು ಜನ? ಅಧ್ಯಕ್ಷರು ನಗುತ್ತಿದ್ದಾರೆ. ಇರಲಿ, ಮುಂದೆ ಹೋಗೋಣ.

ಈಗ ರಾಜಕೀಯ. 1978ರಲ್ಲಿ ಚಿಕ್ಕಮಗಳೂರು ಉಪಚುನಾವಣೆಗೆ ಇಂದಿರಾ ಗಾಂಧಿಯವರು ನಿಂತಾಗ, ಎದುರಿಗೆ ರಾಜಕುಮಾರ್ ಅವರನ್ನೇ ನಿಲ್ಲಿಸಬೇಕು ಅಂತ ವಿರೋಧ ಪಕ್ಷದವರು ಬಹಳ ಪ್ರಯತ್ನಪಟ್ಟರು. ಇವರು ಒಪ್ಪಲಿಲ್ಲ. ಕೊನೆಗೆ ವೀರೇಂದ್ರ ಪಾಟೀಲರು ನಿಂತರು, ಸೋತರು. ಪಕ್ಕದ ತಮಿಳುನಾಡಿನಲ್ಲಿ 1977ರಿಂದಲೇ ಎಂ.ಜಿ.ಆರ್. ಮುಖ್ಯಮಂತ್ರಿ. 1983ರ ಜನವರಿಯಲ್ಲಿ ಆಂಧ್ರದಲ್ಲಿ ಎನ್.ಟಿ.ಆರ್. ಗದ್ದುಗೆ ಏರಿದರು. ಎರಡೂ ಕಡೆ ನಟರು ರಾಜ್ಯ ಆಳುತ್ತಿರುವಾಗ, ನಡುವೆ ಇರುವ ಕನ್ನಡಿಗನಿಗೆ “ನಮ್ಮವರು ಯಾವಾಗ?” ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ.

ಹಾಗಂತ ಅವರು ಊರ ಉಸಾಬರಿ ಬೇಡ ಅಂತ ಮನೆಯಲ್ಲಿ ಕೂತವರಲ್ಲ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಅಂತ ವಿ.ಕೃ. ಗೋಕಾಕರ ಸಮಿತಿ ವರದಿ ಕೊಟ್ಟಿತ್ತು. ಸರ್ಕಾರ ಮೀನಮೇಷ ಎಣಿಸುತ್ತಿತ್ತು. ಸಾಹಿತಿಗಳು ಹೋರಾಟ ಶುರುಮಾಡಿದರು. 1982ರಲ್ಲಿ ರಾಜಕುಮಾರ್ ಬೀದಿಗೆ ಇಳಿದ ಮೇಲೆ ಅದು ಹಳ್ಳಿಹಳ್ಳಿಯ ಮಾತಾಯಿತು. ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರು. ವರದಿಯ ಒಂದು ಪುಟವನ್ನೂ ಓದದ ರೈತರು ನನ್ನನ್ನು ನಿಲ್ಲಿಸಿ, “ಅದೇನು ಮೇಷ್ಟ್ರೇ ಗೋಕಾಕ್ ವರದಿ?” ಅಂತ ಕೇಳುತ್ತಿದ್ದರು. ಆಜ್ಞೆ ಹೊರಟಿತು, ಆಮೇಲೆ ಕೋರ್ಟಿನಲ್ಲಿ ವ್ಯಾಜ್ಯವೂ ನಡೆಯಿತು, ಅದು ಬೇರೆ ಕಥೆ. 1983ರ ಚುನಾವಣೆಯಲ್ಲಿ ಗುಂಡೂರಾಯರ ಸರ್ಕಾರವೂ ಹೋಯಿತು. ಆ ಗಾಳಿಯಲ್ಲಿ ರಾಜಕುಮಾರ್ ಒಂದು ಪಕ್ಷ ಕಟ್ಟಿದ್ದರೆ ಏನಾಗುತ್ತಿತ್ತೋ! ಅವರು ಮಾತ್ರ ಮತ್ತೆ ಬಣ್ಣ ಹಚ್ಚಲು ಹೋದರು.

ಯಾಕೆ? ಹೆದರಿಕೆ ಅಂದವರುಂಟು, ಮನೆಯವರು ಬೇಡವೆಂದರು ಅಂದವರುಂಟು. ನನಗೆ ತೋಚುವುದು ಇಷ್ಟು. ಕಂಪನಿಯಲ್ಲಿ ಬೆಳೆದವನಿಗೆ ತನ್ನ ಪಾತ್ರ ಯಾವುದು, ಎಲ್ಲಿಗೆ ಮುಗಿಯುತ್ತದೆ ಅನ್ನುವುದು ಗೊತ್ತಿರುತ್ತದೆ. ಪಕ್ಷ ಸೇರಿದ ದಿನವೇ ‘ಅಭಿಮಾನಿ ದೇವರು’ಗಳು ಎರಡು ಪಾಲಾಗುತ್ತಿದ್ದರು. ಇದಕ್ಕೆ ಎದುರು ವಾದವೂ ಇದೆ, ಅದನ್ನು ಮುಚ್ಚಿಡಬಾರದು. ಅಂಬರೀಶ್ ಲೋಕಸಭೆಗೆ ಹೋದರು, ಕೇಂದ್ರದಲ್ಲೂ ರಾಜ್ಯದಲ್ಲೂ ಮಂತ್ರಿಯಾದರು. ಕಾವೇರಿ ತೀರ್ಪು ಬಂದಾಗ ಕೇಂದ್ರದ ಮಂತ್ರಿಗಿರಿಗೆ ರಾಜೀನಾಮೆ ಕೊಟ್ಟರು. ಅನಂತನಾಗ್ ಕೂಡ ಜೆ.ಎಚ್. ಪಟೇಲರ ಸಂಪುಟದಲ್ಲಿದ್ದರು. ಅವರದ್ದು ತಪ್ಪು ದಾರಿ ಅಂತ ನಾನು ಹೇಳಲಾರೆ. ರಾಜಕುಮಾರ್ ಮನೆಯಲ್ಲೇ ಸೊಸೆ ಗೀತಾ ಅವರು 2014ರಲ್ಲೂ 2024ರಲ್ಲೂ ಶಿವಮೊಗ್ಗದಿಂದ ಲೋಕಸಭೆಗೆ ನಿಂತು ಸೋತರು. ಅವರು ಬಂಗಾರಪ್ಪನವರ ಮಗಳು, ತವರಿನ ದಾರಿ ಅದು.

2000ನೇ ಇಸವಿ ನಮ್ಮ ಸಂಘ ಹುಟ್ಟಿದ ವರ್ಷ. ಅದೇ ಜುಲೈ 30ರ ರಾತ್ರಿ ವೀರಪ್ಪನ್ ಗಾಜನೂರಿನ ಮನೆಯಿಂದ ಅಣ್ಣಾವ್ರನ್ನು ಕಾಡಿಗೆ ಒಯ್ದ. ಬಸ್ಸಿಲ್ಲ, ಟಾಕೀಸಿಲ್ಲ. ಹಾಲಿನ ಲಾರಿ ಬರಲಿಲ್ಲ, ಕ್ಯಾನಿನ ಹಾಲನ್ನು ಅಳೆದು ಮನೆಮನೆಗೆ ವಾಪಸ್ ಕೊಟ್ಟೆವು. ಊರೆಲ್ಲ ಮೊಸರೋ ಮೊಸರು, ಉಣ್ಣುವ ಮನಸ್ಸು ಮಾತ್ರ ಯಾರಿಗೂ ಇರಲಿಲ್ಲ. 108 ದಿನ ಆದ ಮೇಲೆ ನವೆಂಬರಿನಲ್ಲಿ ಬಿಡುಗಡೆಯಾಯಿತು. ಎರಡು ರಾಜ್ಯದ ಸರ್ಕಾರಗಳು ಪರದಾಡಿದವು. ಅಧಿಕಾರದಿಂದ ದೂರ ಉಳಿದವನನ್ನೂ ರಾಜಕೀಯ ಹುಡುಕಿಕೊಂಡು ಬಂದು ಹಿಡಿಯಿತು. ಇನ್ನು 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಗಲಭೆಯಾಗಿ ಜೀವ ಹೋದವು. ಅದನ್ನು ಅಭಿಮಾನ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಬಾಳೆಲ್ಲ ಕೈಮುಗಿದು ಬದುಕಿದವರ ಹೆಸರಿನಲ್ಲಿ ಕಲ್ಲು ಎತ್ತಿದರು.

ಯುವಕರೇ, ಚುನಾವಣೆಗೆ ನಿಲ್ಲಬೇಡಿ ಅಂತ ನಾನು ಹೇಳುತ್ತಿಲ್ಲ. ಸಂಘಕ್ಕೆ ಹೊಸ ರಕ್ತ ಬೇಕು. ಆದರೆ ಫ್ಯಾಟು ಅಳೆಯುವ ಮೆಷಿನ್ನಿಗೆ ಯಾವ ಪಕ್ಷದ ಹಾಲು ಅಂತ ತಿಳಿಯುವುದಿಲ್ಲ. ನಿಂತು ಗೆದ್ದವರು ಬಟವಾಡೆಯ ದಿನ ಸೋತವರ ಮನೆಯ ಹೆಣ್ಣುಮಗಳಿಗೂ ಲೆಕ್ಕ ಹೇಳಬೇಕಾಗುತ್ತದೆ.

ಕೊನೆಗೆ ಒಂದು ಕೆಲಸದ ಮಾತು. ಅಣ್ಣಾವ್ರು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದರು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ಹಾಗೆಯೇ ಮಾಡಿದರು, ಅವರ ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ನೇತ್ರದಾನದ ಫಾರಂ ತರಿಸಿ ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದ್ದೇವೆ. ನಾಳೆ ಬೆಳಿಗ್ಗೆ ಹಾಲು ಹಾಕಲು ಬಂದಾಗ ಕೇಳಿ ಪಡೆಯಿರಿ. ಮನೆಯವರಿಗೂ ತಿಳಿಸಿಯೇ ಸಹಿ ಮಾಡಿ, ಹೊತ್ತು ಬಂದಾಗ ಫೋನು ಮಾಡಬೇಕಾದವರು ಅವರೇ.